ಗೂಢಚಾರನ ಪಕ್ಕದಲ್ಲೊಬ್ಬ ನಗೆಗಾರ: ಹಾಸ್ಯ ಚಕ್ರವರ್ತಿ ನರಸಿಂಹರಾಜು

ಕನ್ನಡ ಚಿತ್ರರಂಗದಲ್ಲಿ ಗೂಢಚಾರರ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ಡಾ. ರಾಜ್‌ಕುಮಾರ್ ಅವರ ಸಿಐಡಿ 999. 1968ರ ‘ಜೇಡರ ಬಲೆ’ಯಿಂದ ಮೊದಲ್ಗೊಂಡು 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ಈ ಗೂಢಚಾರ ನಾಲ್ಕು ಬಾರಿ ತೆರೆಯ ಮೇಲೆ ಕಾಣಿಸಿಕೊಂಡ. ಕೈಯಲ್ಲಿ ಪಿಸ್ತೂಲು, ಮೈಮೇಲೆ ಕೋಟು, ಬೆನ್ನ ಹಿಂದೆ ಶತ್ರುಗಳ ದಂಡು. ಆದರೆ ಇಂತಹ ಚಿತ್ರವನ್ನು ಅಂದಿನ ಕನ್ನಡದ ಮನೆಮಂದಿ ಮಕ್ಕಳು ಮರಿಗಳೊಂದಿಗೆ ಕುಳಿತು ನೋಡುವಂತಾದದ್ದು ಪಿಸ್ತೂಲಿನ ಬಲದಿಂದ ಮಾತ್ರವಲ್ಲ. ಗುಂಡಿನ ಸದ್ದಿಗೆ ಬೆಚ್ಚಿದ ಮಗುವನ್ನು ಮರುಕ್ಷಣವೇ ನಗಿಸುವ ಒಬ್ಬ ನಟ ಆ ಕಥೆಗಳೊಳಗೆ ಓಡಾಡುತ್ತಿದ್ದ. ತೆಳ್ಳನೆಯ ಮೈಕಟ್ಟು, ಮುಂದಕ್ಕೆ ಚಾಚಿದ ಹಲ್ಲು, ಹೇಗೆ ಬೇಕಾದರೂ ಬಾಗುವ ದನಿ. ಆತನೇ ತಿಪಟೂರು ರಾಮರಾಜು ನರಸಿಂಹರಾಜು. ನಾಡು ಅವರನ್ನು ಹಾಸ್ಯ ಚಕ್ರವರ್ತಿ ಎಂದು ಕರೆದು ಗೌರವಿಸಿತು.

ಇಪ್ಪತ್ತೈದು ವರ್ಷ ರಂಗಭೂಮಿ, ಇಪ್ಪತ್ತೈದು ವರ್ಷ ಚಿತ್ರರಂಗ. ಅವರ ಬದುಕನ್ನು ಹೀಗೆ ಎರಡು ಸಮಭಾಗಗಳಾಗಿ ಒಡೆಯಬಹುದು. ಮೊದಲ ಭಾಗದಲ್ಲಿ ಕಲಿತದ್ದನ್ನು ಎರಡನೆಯ ಭಾಗದಲ್ಲಿ ಅವರು ಕನ್ನಡ ಚಿತ್ರೋದ್ಯಮಕ್ಕೆ ಧಾರೆಯೆರೆದರು. ಹಣವಿಲ್ಲದ, ಸ್ವಂತ ಸ್ಟುಡಿಯೋಗಳ ಬಲವಿಲ್ಲದ, ಮಾರುಕಟ್ಟೆ ಚಿಕ್ಕದಾಗಿದ್ದ ಒಂದು ಉದ್ಯಮ ತನ್ನ ಕಾಲ ಮೇಲೆ ನಿಲ್ಲಲು ಅವರ ನಗೆ ಎಷ್ಟರಮಟ್ಟಿಗೆ ಊರುಗೋಲಾಯಿತು ಎಂಬುದನ್ನು ಅವರ ಜೀವನವನ್ನು ಬಿಡಿಸಿ ನೋಡಿದಾಗ ಮಾತ್ರ ತಿಳಿಯುತ್ತದೆ.

ಒಂದೇ ರೈಲು ಮಾರ್ಗದ ಊರುಗಳು

ಬೆಂಗಳೂರಿನ ಯಶವಂತಪುರದಿಂದ ಅರಸೀಕೆರೆಯ ಕಡೆಗೆ ಹೊರಡುವ ರೈಲು ತುಮಕೂರನ್ನು ದಾಟಿ ಗುಬ್ಬಿಗೆ ಬರುತ್ತದೆ. ಅಲ್ಲಿಂದ ಮುಂದೆ ತಿಪಟೂರು, ಆನಂತರ ಅರಸೀಕೆರೆ. ಕನ್ನಡದ ವೃತ್ತಿ ರಂಗಭೂಮಿ ಮತ್ತು ಚಿತ್ರರಂಗದ ಚರಿತ್ರೆಯ ಬಹುಪಾಲು ಈ ಒಂದು ಹಳಿಯ ಆಚೀಚೆ ನಡೆದಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಗುಬ್ಬಿ 1884ರಲ್ಲಿ ಸ್ಥಾಪನೆಯಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘದ ತವರು. ಗುಬ್ಬಿ ವೀರಣ್ಣನವರ ಊರು. ಅರಸೀಕೆರೆ ನಟ ಟಿ.ಎನ್. ಬಾಲಕೃಷ್ಣ ಅವರ ಹುಟ್ಟೂರು. ಇವೆರಡರ ನಡುವಣ ತಿಪಟೂರು ತೆಂಗಿನ ತೋಟಗಳಿಗೆ, ಕೊಬ್ಬರಿಯ ವ್ಯಾಪಾರಕ್ಕೆ ಹೆಸರಾದ ಪಟ್ಟಣ. ಅಲ್ಲಿ 1923ರ ಜುಲೈ 24ರಂದು ನರಸಿಂಹರಾಜು ಜನಿಸಿದರು.

ತಂದೆ ರಾಮರಾಜು ಪೊಲೀಸ್ ಇಲಾಖೆಯಲ್ಲಿದ್ದವರು. ಮುಂದೆ ತೆರೆಯ ಮೇಲೆ ಪತ್ತೇದಾರರ ಜೊತೆ ಓಡಾಡಲಿದ್ದ ನಟ ಒಬ್ಬ ಪೊಲೀಸರ ಮಗ ಎಂಬುದು ಕಾಕತಾಳೀಯ. ಸರ್ಕಾರಿ ನೌಕರಿಯಿದ್ದ ಮನೆಯ ಹುಡುಗ ಓದಿ ಗುಮಾಸ್ತನೋ ಉಪಾಧ್ಯಾಯನೋ ಆಗಬೇಕಿತ್ತು. ಆದರೆ ಬಾಲಕನಿಗೆ ಇನ್ನೂ ನಾಲ್ಕರ ಪ್ರಾಯವಿದ್ದಾಗಲೇ ಚಿಕ್ಕಪ್ಪ ಆತನನ್ನು ಸಿ.ಬಿ. ಮಲ್ಲಪ್ಪನವರ ಶ್ರೀ ಚಂದ್ರಮೌಳೇಶ್ವರ ನಾಟಕ ಸಭೆಗೆ ಸೇರಿಸಿದರು. ಅಲ್ಲಿಂದ ಮುಂದೆ ಕಂಪನಿಯೇ ಮನೆ, ಕಂಪನಿಯೇ ಶಾಲೆ.

ಅಂದಿನ ನಾಟಕ ಕಂಪನಿಯಲ್ಲಿ ಬಾಲನಟನಾಗುವುದು ಸುಲಭದ ಬಾಳಲ್ಲ. ಊರಿಂದೂರಿಗೆ ಸಾಗುವ ಕ್ಯಾಂಪು. ಎತ್ತಿನ ಗಾಡಿಯಲ್ಲೋ ರೈಲಿನಲ್ಲೋ ಸಾಗಿಸುವ ಪರದೆ, ಪೆಟ್ಟಿಗೆ, ಪಾತ್ರೆಪಡಗ. ಹಗಲು ಸಂಗೀತಾಭ್ಯಾಸ ಮತ್ತು ಮಾತುಗಳ ಬಾಯಿಪಾಠ. ರಾತ್ರಿ ಆರಂಭವಾದ ನಾಟಕ ಮುಗಿಯುವಷ್ಟರಲ್ಲಿ ಬೆಳಗಿನ ಜಾವ. ಮಳೆ ಹಿಡಿದರೆ ಗೇಟ್ ಕಲೆಕ್ಷನ್ ಇಲ್ಲ; ಕಲೆಕ್ಷನ್ ಇಲ್ಲವೆಂದರೆ ಸಂಬಳವಿಲ್ಲ, ಕೆಲವೊಮ್ಮೆ ಊಟಕ್ಕೂ ತತ್ವಾರ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದ ಪ್ರೇಕ್ಷಕನಿಗೂ ಮಾತು ಕೇಳಿಸಬೇಕಿತ್ತು. ಎಳೆಯ ವಯಸ್ಸಿನ ಪೌರಾಣಿಕ ಪಾತ್ರಗಳಲ್ಲಿ ದುಡಿಯುತ್ತ ನರಸಿಂಹರಾಜು ತಮ್ಮ ದನಿಯನ್ನು ಹೀಗೆ ಹದಮಾಡಿಕೊಂಡರು. ಮುಂದೆ ಕೆ. ಹಿರಣ್ಣಯ್ಯನವರ ಮಿತ್ರ ಮಂಡಳಿಯೂ ಸೇರಿದಂತೆ ಹಲವು ಕಂಪನಿಗಳ ನೀರು ಕುಡಿದು, ಕೊನೆಗೆ ಗುಬ್ಬಿ ಕಂಪನಿಯ ಆಶ್ರಯಕ್ಕೆ ಬಂದರು. ಹಿರಣ್ಣಯ್ಯನವರದು ಸಮಯಸ್ಫೂರ್ತಿಯ ಹಾಸ್ಯಕ್ಕೆ ಹೆಸರಾದ ಮಂಡಳಿ. ಗುಬ್ಬಿ ಕಂಪನಿಯದು ವೈಭವದ ರಂಗಸಜ್ಜಿಕೆಗೂ ಸ್ವತಃ ವೀರಣ್ಣನವರ ಹಾಸ್ಯಕ್ಕೂ ಮನೆಮಾತಾದ ಸಂಸ್ಥೆ. ನಗಿಸುವ ನಟನಿಗೆ ಇವೆರಡಕ್ಕಿಂತ ದೊಡ್ಡ ಗುರುಕುಲ ಅಂದಿನ ಮೈಸೂರು ಸೀಮೆಯಲ್ಲಿರಲಿಲ್ಲ.

ರಸ್ತೆ ಪರದೆಯ ವಿದ್ಯೆ

ನರಸಿಂಹರಾಜು ಅವರ ಕಲೆಯನ್ನು ಅರ್ಥಮಾಡಿಕೊಳ್ಳಲು ಕಂಪನಿ ನಾಟಕದ ಒಂದು ಸಣ್ಣ ವ್ಯವಸ್ಥೆಯನ್ನು ತಿಳಿಯುವುದು ಅಗತ್ಯ. ಅರಮನೆಯ ದೃಶ್ಯ ಮುಗಿದು ಕಾಡಿನ ದೃಶ್ಯ ಬರಬೇಕು ಎಂದುಕೊಳ್ಳೋಣ. ಸಿಂಹಾಸನ ತೆಗೆಯಬೇಕು, ಕಂಬಗಳನ್ನು ಸರಿಸಬೇಕು, ಗಿಡಮರಗಳನ್ನು ನಿಲ್ಲಿಸಬೇಕು, ನಾಯಕ ವೇಷ ಬದಲಿಸಬೇಕು. ಇದಕ್ಕೆಲ್ಲ ಹತ್ತು ಹದಿನೈದು ನಿಮಿಷ ಹಿಡಿಯುವುದುಂಟು. ಆ ಹೊತ್ತಿನಲ್ಲಿ ರಂಗದ ಮುಂಭಾಗದಲ್ಲಿ ಬೀದಿಯ ಚಿತ್ರ ಬರೆದ ಒಂದು ಪರದೆಯನ್ನು ಇಳಿಬಿಡುತ್ತಿದ್ದರು. ಅದೇ ರಸ್ತೆ ಪರದೆ. ಅದರ ಮುಂದಿನ ಕಿರಿದಾದ ಜಾಗದಲ್ಲಿ, ಯಾವ ಸಜ್ಜಿಕೆಯ ನೆರವೂ ಇಲ್ಲದೆ, ಹಾಸ್ಯಗಾರರು ಜನರನ್ನು ಹಿಡಿದಿಡಬೇಕಿತ್ತು. ಹಿಂದೆ ಸಾಮಾನು ಎಳೆಯುವ ಸದ್ದು ಕೇಳಿಸಬಾರದು. ಕೆಲಸ ತಡವಾದರೆ ಮಾತನ್ನು ಬೆಳೆಸಬೇಕು. ಒಳಗಿನಿಂದ ಸಂಜ್ಞೆ ಬಂದ ಕೂಡಲೇ ಹಾಸ್ಯವನ್ನು ಮುಗಿಸಿ ನಗುವಿನ ಅಲೆಯ ಮೇಲೆಯೇ ನಿರ್ಗಮಿಸಬೇಕು.

ಕಾಲದ ಅಳತೆ ಗೊತ್ತಿಲ್ಲದವನು ಇಲ್ಲಿ ಉಳಿಯಲಾರ. ಎಲ್ಲಿ ಮಾತು ನಿಲ್ಲಿಸಬೇಕು, ನಗು ಎಷ್ಟು ಏರಿದ ಮೇಲೆ ಮುಂದಿನ ಮಾತು ಬಿಡಬೇಕು, ಯಾವ ಊರಿನ ಪ್ರೇಕ್ಷಕ ಯಾವುದಕ್ಕೆ ನಗುತ್ತಾನೆ ಎಂಬುದೆಲ್ಲ ಇಲ್ಲಿ ದಿನವೂ ನಡೆಯುವ ಪರೀಕ್ಷೆ. ಸಂಸ್ಕೃತ ನಾಟಕದ ವಿದೂಷಕನಿಗೂ ಯಕ್ಷಗಾನದ ಹಾಸ್ಯಗಾರನಿಗೂ ಇರುವ ಹೊಣೆಯೇ ಕಂಪನಿ ನಾಟಕದ ಈ ನಟನದು: ಮುಖ್ಯ ಕಥೆಯ ಭಾರವನ್ನು ಹಗುರಗೊಳಿಸುವುದು, ಆದರೆ ಕಥೆಯ ಗಾಂಭೀರ್ಯವನ್ನು ಕೆಡಿಸದಿರುವುದು. ಈ ಸೂಕ್ಷ್ಮ ನರಸಿಂಹರಾಜು ಅವರಿಗೆ ರಕ್ತಗತವಾಗಿತ್ತು. ಚಿತ್ರರಂಗ ಅವರಿಂದ ಮುಂದೆ ಪಡೆದದ್ದೂ ಇದನ್ನೇ. ಬಂಡವಾಳದ ಕೊರತೆಯಿಂದ ದೊಡ್ಡ ದೃಶ್ಯ ಸಿದ್ಧವಾಗದ ಕಡೆಯಲ್ಲೆಲ್ಲ ಒಂದು ರಸ್ತೆ ಪರದೆ ಬೇಕಿತ್ತು. ಅದರ ಮುಂದೆ ನಿಲ್ಲಬಲ್ಲ ನಟ ಬೇಕಿತ್ತು.

ಬೇಡರ ಕಣ್ಣಪ್ಪನ ವರ್ಷ

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ‘ಬೇಡರ ಕಣ್ಣಪ್ಪ’ ತೆರೆಕಂಡಿತು. ಗುಬ್ಬಿ ಕಂಪನಿಯ ರಂಗದ ಮೇಲೆ ಜನಪ್ರಿಯವಾಗಿದ್ದ ಕಥೆಯನ್ನೇ ಮದ್ರಾಸಿನ ಎ.ವಿ.ಎಂ. ಸಂಸ್ಥೆಯ ಸಹಯೋಗದಲ್ಲಿ ಚಿತ್ರವಾಗಿಸಲಾಗಿತ್ತು. ಆ ಒಂದು ಚಿತ್ರ ಕನ್ನಡಕ್ಕೆ ಕೊಟ್ಟ ಹೆಸರುಗಳನ್ನು ನೆನೆದರೆ ಇಂದಿಗೂ ಅಚ್ಚರಿಯಾಗುತ್ತದೆ. ನಾಯಕನಾಗಿ ರಾಜ್‌ಕುಮಾರ್, ಜೊತೆಗೆ ಜಿ.ವಿ. ಅಯ್ಯರ್, ಕಾಶಿಯ ಪಾತ್ರದಲ್ಲಿ ನರಸಿಂಹರಾಜು. ಚಿತ್ರಕ್ಕೆ ರಾಷ್ಟ್ರೀಯ ಪ್ರಶಸ್ತಿಯ ಅರ್ಹತಾ ಪತ್ರವೂ ದೊರೆಯಿತು.

ಆಗ ನರಸಿಂಹರಾಜು ಅವರಿಗೆ ಮೂವತ್ತು ವರ್ಷ. ರಾಜ್‌ಕುಮಾರ್ ಅವರಿಗಿಂತ ಸುಮಾರು ಆರು ವರ್ಷ ಹಿರಿಯರು. ಹೊಸಬರೆಂದು ಕರೆಯಲಾಗದಷ್ಟು ರಂಗಾನುಭವ ಬೆನ್ನಿಗಿತ್ತು. ಚಿತ್ರ ಗೆದ್ದಿತು, ನಟರೂ ಗೆದ್ದರು. ಆದರೆ ಬದುಕು ಒಮ್ಮೆಲೇ ಗೆಲ್ಲಲಿಲ್ಲ. ಅಂದು ಕನ್ನಡದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಚಿತ್ರಗಳು ಹತ್ತರ ಆಸುಪಾಸು. ಅವೂ ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲಿ, ತಮಿಳು ತೆಲುಗು ಚಿತ್ರಗಳು ಬಿಟ್ಟುಕೊಟ್ಟ ಅವಧಿಯಲ್ಲಿ ತಯಾರಾಗುತ್ತಿದ್ದವು. ಚಿತ್ರೀಕರಣವಿದ್ದರೆ ಮದ್ರಾಸು, ಇಲ್ಲದಿದ್ದರೆ ಮತ್ತೆ ನಾಟಕ.

ಐವತ್ತರ ದಶಕದ ಕೊನೆಯಲ್ಲಿ ಈ ಸಂಕಷ್ಟವೇ ಕಲಾವಿದರನ್ನು ಒಗ್ಗೂಡಿಸಿತು. ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಮತ್ತು ನರಸಿಂಹರಾಜು ಕೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿಕೊಂಡು ನಾಡಿನುದ್ದಗಲಕ್ಕೂ ನಾಟಕಗಳನ್ನಾಡಿದರು. ತೆರೆಯ ಮೇಲೆ ಕಂಡ ಮುಖಗಳನ್ನು ಕಣ್ಣೆದುರೇ ನೋಡಲು ಜನ ಬಂದರು. ಈ ಬಳಗವೇ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ನಿರ್ಮಿಸಿತು. ಹಾಸ್ಯನಟನೆಂದರೆ ಕರೆದಾಗ ಬಂದು ನಗಿಸಿ ಹೋಗುವವನು ಎಂಬ ಎಣಿಕೆಯ ಕಾಲದಲ್ಲಿ, ನರಸಿಂಹರಾಜು ಉದ್ಯಮದ ಕಷ್ಟನಷ್ಟಕ್ಕೆ ಹೆಗಲು ಕೊಟ್ಟವರ ಸಾಲಿನಲ್ಲಿ ನಿಂತರು ಎಂಬುದನ್ನು ಮರೆಯಬಾರದು. ಆ ಚಿತ್ರದ ಕಥಾನಾಯಕ ಹದಿನೇಳನೆಯ ಶತಮಾನದ ಮೈಸೂರು ದೊರೆ ಕಂಠೀರವ ನರಸರಾಜ ಒಡೆಯರು. ಅವರು ಗುರುತು ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಸೋಲಿಸಿದರೆಂಬ ಐತಿಹ್ಯ ನಾಡಿಗೆಲ್ಲ ತಿಳಿದದ್ದೇ. ಮಾರುವೇಷದ ಸಾಹಸಕ್ಕೆ ಕನ್ನಡ ಪ್ರೇಕ್ಷಕ ಮನಸೋಲುತ್ತಾನೆ ಎಂಬುದಕ್ಕೆ, ಎಂಟು ವರ್ಷಗಳ ಅನಂತರ ಬರಲಿದ್ದ ಗೂಢಚಾರನಿಗೂ ಮುನ್ನವೇ ದೊರೆತ ಸೂಚನೆ ಅದು.

ಬೇಡಿಕೆಯ ಶಿಖರದಲ್ಲಿ

ಅರವತ್ತರ ದಶಕ ನರಸಿಂಹರಾಜು ಅವರ ಸುವರ್ಣಯುಗ. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ನಕ್ಷತ್ರಿಕನಾಗಿ ಹರಿಶ್ಚಂದ್ರನ ಬೆನ್ನುಬಿಡದೆ ಕಾಡಿದವರು ಅವರೇ. ಕಾಡುವ ಪಾತ್ರ ಜನರ ಕೋಪಕ್ಕೆ ಗುರಿಯಾಗಬೇಕಿತ್ತು. ಅವರ ಕೈಗೆ ಬಂದಾಗ ಕೋಪದ ಜೊತೆಗೆ ನಗುವೂ ಸೇರಿ ಕರುಣ ರಸದ ಕಥೆಗೆ ಉಸಿರಾಡಲು ಎಡೆ ದೊರೆಯಿತು. 1967ರಲ್ಲಿ ‘ಲಗ್ನ ಪತ್ರಿಕೆ’, ‘ನಕ್ಕರೆ ಅದೇ ಸ್ವರ್ಗ’ದಂತಹ ಲಘು ಧಾಟಿಯ ಚಿತ್ರಗಳು ಬಂದವು. 1970ರ ‘ಶ್ರೀಕೃಷ್ಣದೇವರಾಯ’ದಲ್ಲಿ ತೆನಾಲಿ ರಾಮಕೃಷ್ಣನಾಗಿ ಆಸ್ಥಾನದ ಘನತೆಗೆ ತಕ್ಕ ಚಾತುರ್ಯವನ್ನು ಮೆರೆದರು. ಎಂ.ಎನ್. ಲಕ್ಷ್ಮೀದೇವಿ, ಬಿ. ಜಯಾ ಮುಂತಾದ ನಟಿಯರ ಜೊತೆ ಅವರ ಜೋಡಿ ಚಿತ್ರದಿಂದ ಚಿತ್ರಕ್ಕೆ ಮುಂದುವರಿದು, ನಾಯಕ ನಾಯಕಿಯರ ಕಥೆಗೆ ಸಮಾನಾಂತರವಾದ ಇನ್ನೊಂದು ಸಂಸಾರವೇ ಪ್ರೇಕ್ಷಕರಿಗೆ ಪರಿಚಿತವಾಯಿತು. ಬಾಲಕೃಷ್ಣ ಅವರ ಕುಟಿಲತೆ, ದ್ವಾರಕೀಶ್ ಅವರ ಚುರುಕು, ನರಸಿಂಹರಾಜು ಅವರ ಪೆದ್ದುತನದೊಳಗಿನ ಜಾಣತನ ಒಂದಕ್ಕೊಂದು ಪೂರಕವಾದವು.

ನಿರ್ಮಾಪಕರು ಮೊದಲು ನರಸಿಂಹರಾಜು ಅವರ ಕಾಲ್‌ಷೀಟ್ ಪಡೆದು, ಆಮೇಲೆ ರಾಜ್‌ಕುಮಾರ್ ಅವರ ದಿನಾಂಕ ಕೇಳುತ್ತಿದ್ದರು ಎಂಬುದು ಗಾಂಧಿನಗರದಲ್ಲಿ ತಲೆಮಾರುಗಳಿಂದ ಹರಿದುಬಂದಿರುವ ಮಾತು. ಇದರಲ್ಲಿ ಅಭಿಮಾನದ ಪಾಲು ಎಷ್ಟೇ ಇರಲಿ, ಅಂಕಿಗಳು ಅದಕ್ಕೆ ವಿರುದ್ಧವಾಗಿಲ್ಲ. ಇಪ್ಪತ್ತೈದು ವರ್ಷಗಳಲ್ಲಿ ಅವರು ನಟಿಸಿದ ಚಿತ್ರಗಳ ಸಂಖ್ಯೆ ಇನ್ನೂರೈವತ್ತನ್ನು ಮೀರುತ್ತದೆ ಎನ್ನಲಾಗುತ್ತದೆ. ಸರಾಸರಿ ವರ್ಷಕ್ಕೆ ಹತ್ತು ಚಿತ್ರಗಳು. ಕನ್ನಡದಲ್ಲಿ ತಯಾರಾಗುತ್ತಿದ್ದ ಚಿತ್ರಗಳ ಸಂಖ್ಯೆಯೇ ಅಲ್ಪವಾಗಿದ್ದ ಆ ಕಾಲದಲ್ಲಿ ಇದರರ್ಥ ಸ್ಪಷ್ಟ. ನರಸಿಂಹರಾಜು ಇಲ್ಲದ ಕನ್ನಡ ಚಿತ್ರವನ್ನು ಹುಡುಕಬೇಕಾಗಿದ್ದ ವರ್ಷಗಳೂ ಇದ್ದವು.

ಕನ್ನಡಕ್ಕೆ ಬಂದ ಗೂಢಚಾರ

1962ರ ‘ಡಾಕ್ಟರ್ ನೋ’ ಚಿತ್ರದಿಂದ ಆರಂಭಗೊಂಡ ಜೇಮ್ಸ್ ಬಾಂಡ್ ಸರಣಿ ಕೆಲವೇ ವರ್ಷಗಳಲ್ಲಿ ಜಗತ್ತಿನೆಲ್ಲೆಡೆ ಗೂಢಚಾರ ಚಿತ್ರಗಳ ಅಲೆಯೆಬ್ಬಿಸಿತು. ಆ ಅಲೆ ಭಾರತಕ್ಕೂ ತಾಗಿತು. 1966ರಲ್ಲಿ ತೆಲುಗಿನಲ್ಲಿ ‘ಗೂಢಚಾರಿ 116’, ತಮಿಳಿನಲ್ಲಿ ‘ವಲ್ಲವನ್ ಒರುವನ್’, 1967ರಲ್ಲಿ ಹಿಂದಿಯಲ್ಲಿ ‘ಫರ್ಜ್’ ಬಂದವು. ಕನ್ನಡದಲ್ಲಿ ಇಂತಹ ಚಿತ್ರ ಸಾಧ್ಯವೇ ಎಂಬ ಅನುಮಾನ ಸಹಜವಾಗಿತ್ತು. ವಿದೇಶದ ಹೊರಾಂಗಣ, ಹೊಸ ಹೊಸ ಯಂತ್ರ, ಸ್ಫೋಟ, ಬೆನ್ನಟ್ಟುವ ಕಾರುಗಳು. ಇವುಗಳಲ್ಲಿ ಯಾವುದನ್ನೂ ಭರಿಸುವ ಶಕ್ತಿ ಕನ್ನಡದ ಬಂಡವಾಳಕ್ಕಿರಲಿಲ್ಲ.

ಆದರೂ ಪ್ರೇಕ್ಷಕ ಸಿದ್ಧನಾಗಿದ್ದ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳು ಐವತ್ತರ ದಶಕದಿಂದಲೇ ಓದುಗರನ್ನು ಹಿಡಿದಿಟ್ಟಿದ್ದವು. ಸುಳಿವು, ಸಂಶಯ, ಮಾರುವೇಷ, ಕೊನೆಯ ಪುಟದ ಗುಟ್ಟು ಕನ್ನಡ ಓದುಗನಿಗೆ ಹೊಸತಾಗಿರಲಿಲ್ಲ. ಈ ನೆಲದ ಮೇಲೆ ಛಾಯಾಗ್ರಾಹಕ ಬಿ. ದೊರೈರಾಜ್ ಮತ್ತು ಎಸ್.ಕೆ. ಭಗವಾನ್ ಜೋಡಿ ‘ಜೇಡರ ಬಲೆ’ಯನ್ನು ಕಟ್ಟಿತು. ದೊರೈ-ಭಗವಾನ್ ಎಂಬ ಜೋಡಿ ಹೆಸರು ಬೆಳಗಿದ್ದು ಈ ಚಿತ್ರದಿಂದ. ಮುಂದೆ ‘ಕಸ್ತೂರಿ ನಿವಾಸ’, ‘ಎರಡು ಕನಸು’, ‘ಬಯಲು ದಾರಿ’ಯಂತಹ ಭಾವಪ್ರಧಾನ ಚಿತ್ರಗಳಿಂದ ಮನೆಮಾತಾದ ಈ ಜೋಡಿಯ ಮೊದಲ ಹೆಜ್ಜೆ ಗೂಢಚಾರನ ಹೆಜ್ಜೆಯಾಗಿತ್ತೆಂಬುದು ಇಂದಿನ ಎಷ್ಟೋ ಮಂದಿಗೆ ತಿಳಿದಿರಲಿಕ್ಕಿಲ್ಲ.

ಕಪ್ಪು ಬಿಳುಪಿನ ಚಿತ್ರ, ಲೋಹವನ್ನು ಚಿನ್ನವಾಗಿಸುವ ವಿಜ್ಞಾನಿಯ ಸೂತ್ರದ ಸುತ್ತ ಹೆಣೆದ ಕಥೆ, ಜಿ.ಕೆ. ವೆಂಕಟೇಶ್ ಅವರ ಸಂಗೀತ, ಸಿಐಡಿ ಪ್ರಕಾಶನಾಗಿ ರಾಜ್‌ಕುಮಾರ್, ಹಾಸ್ಯಕ್ಕೆ ನರಸಿಂಹರಾಜು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಬಂದಿತು. 1961ರ ಡಿಸೆಂಬರಿನಲ್ಲಷ್ಟೇ ಪೋರ್ಚುಗೀಸರ ಹಿಡಿತದಿಂದ ಬಿಡುಗಡೆ ಹೊಂದಿದ್ದ ಗೋವಾ ಅಂದಿನ ಕನ್ನಡಿಗರಿಗೆ ಪಕ್ಕದಲ್ಲಿಯೇ ಇದ್ದ ವಿದೇಶದಂತಿತ್ತು. ಲಂಡನ್ನಿಗೋ ಟೋಕಿಯೋಗೋ ಹೋಗಲಾಗದ ಗೂಢಚಾರ ಕಡಿಮೆ ಖರ್ಚಿನಲ್ಲಿ ಹೋಗಬಹುದಾಗಿದ್ದ ದೂರದೇಶ ಅದು. ಲಕ್ಷ್ಮಿ ಅವರು ಕನ್ನಡಕ್ಕೆ ಬಂದದ್ದು ಈ ಚಿತ್ರದ ಮೂಲಕ. ಮರುವರ್ಷ, 1969ರಲ್ಲಿ, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ತೆರೆಕಂಡಿತು. ಮುಂದೆ ಹಿಂದಿಯಲ್ಲಿ ಪ್ರಸಿದ್ಧರಾದ ರೇಖಾ ಅದರ ನಾಯಕಿ. 1968 ಮತ್ತು 1969ರ ಎರಡು ವರ್ಷಗಳಲ್ಲೇ ಒಬ್ಬ ಗೂಢಚಾರನ ಮೂರು ಚಿತ್ರಗಳು ಬಂದವೆಂದರೆ, ಜನ ಆತನನ್ನು ಒಪ್ಪಿಕೊಂಡಿದ್ದರು ಎಂಬುದರಲ್ಲಿ ಸಂದೇಹವಿಲ್ಲ.

ನಗೆಯ ಹೊಣೆ

ಹೊರದೇಶಗಳಲ್ಲಿ ಬಾಂಡ್ ಅಲೆಯ ಜೊತೆಗೇ ಅದನ್ನು ಗೇಲಿ ಮಾಡುವ ಚಿತ್ರಗಳೂ ಬಂದವು. ಇಂಗ್ಲೆಂಡಿನ ‘ಕ್ಯಾರಿ ಆನ್ ಸ್ಪೈಯಿಂಗ್’ 1964ರಲ್ಲಿ, ಅಮೆರಿಕದ ದೂರದರ್ಶನ ಧಾರಾವಾಹಿ ‘ಗೆಟ್ ಸ್ಮಾರ್ಟ್’ 1965ರಲ್ಲಿ ಬಂದವು. ಅಲ್ಲಿ ಗೂಢಚಾರನೇ ನಗೆಪಾಟಲು. ಕನ್ನಡ ಆ ದಾರಿ ಹಿಡಿಯಲಿಲ್ಲ. ನಾಯಕ ಗಂಭೀರನಾಗಿಯೇ ಉಳಿದ. ಆತನ ಪಕ್ಕದಲ್ಲಿ ಹಾಸ್ಯಗಾರ ನಿಂತ. ಇದು ಬಾಂಡ್ ಚಿತ್ರಗಳಿಂದ ಬಂದ ಕ್ರಮವಲ್ಲ, ಗುಬ್ಬಿ ಕಂಪನಿಯಂತಹ ರಂಗಪರಂಪರೆಯಿಂದ ಬಂದದ್ದು. ವೀರರಸದ ಪಕ್ಕದಲ್ಲೇ ಹಾಸ್ಯರಸಕ್ಕೊಂದು ಮಣೆ ಹಾಕುವ ಪದ್ಧತಿ.

ಈ ಏರ್ಪಾಡಿನಿಂದ ಆದ ಲಾಭಗಳನ್ನು ಗಮನಿಸಬೇಕು. ಮೊದಲನೆಯದು ಹಣದ್ದು. ಒಂದು ಬೆನ್ನಟ್ಟುವ ದೃಶ್ಯಕ್ಕೆ ಕಾರು, ರಸ್ತೆ, ಹಲವು ದಿನಗಳ ಚಿತ್ರೀಕರಣ ಬೇಕು. ಒಂದು ಹಾಸ್ಯದ ದೃಶ್ಯಕ್ಕೆ ಒಂದು ಕೋಣೆ, ಒಂದು ಮೇಜು, ಇಬ್ಬರು ನಟರು ಸಾಕು. ದೀರ್ಘ ರಂಗಾನುಭವವಿದ್ದ ನಟ ಒಂದೆರಡು ಟೇಕುಗಳಲ್ಲಿ ಮುಗಿಸಿಬಿಡುತ್ತಾನೆ. ಕಚ್ಚಾ ಫಿಲ್ಮು ಅಡಿ ಲೆಕ್ಕದಲ್ಲಿ ಖರ್ಚಾಗುತ್ತಿದ್ದ ದಿನಗಳಲ್ಲಿ ಇದು ಸಣ್ಣ ಉಳಿತಾಯವಲ್ಲ.

ಎರಡನೆಯದು ಕಥೆಯ ಹದ. ಕೊಲೆ, ಕಳ್ಳಸಾಗಣೆ, ಕ್ಲಬ್ಬಿನ ನೃತ್ಯ, ಮಾದಕ ನಗೆಯ ಶತ್ರುಪಕ್ಷದ ಹೆಣ್ಣು. ಇವೆಲ್ಲ ಮಧ್ಯಮ ವರ್ಗದ ಗೃಹಸ್ಥನಿಗೆ ಮುಜುಗರ ತರುವ ಸಾಮಗ್ರಿ. ಅಜ್ಜಿ ಮೊಮ್ಮಕ್ಕಳ ಜೊತೆ ಕುಳಿತಾಗ ಆ ಮುಜುಗರವನ್ನು ಕರಗಿಸುವ ಉಪಾಯ ನಗು. ನರಸಿಂಹರಾಜು ಅವರ ಹೆದರಿಕೆ ಪ್ರೇಕ್ಷಕನ ಹೆದರಿಕೆಯೇ ಆಗಿತ್ತು. ನಾಯಕ ಗುಂಡಿಗೆ ಎದೆಯೊಡ್ಡುವವನು, ಪ್ರೇಕ್ಷಕ ಹಾಗಲ್ಲ. ಪಿಸ್ತೂಲು ಕಂಡರೆ ಮೇಜಿನ ಕೆಳಗೆ ನುಸುಳುವವನು ಆತನ ನಿಜವಾದ ಪ್ರತಿನಿಧಿ. ದೂರದ ಗೂಢಚಾರ ಲೋಕಕ್ಕೂ ಕೊಬ್ಬರಿ ಮಂಡಿಯ, ಕಚೇರಿ ಗುಮಾಸ್ತಗಿರಿಯ ಬದುಕಿಗೂ ನಡುವೆ ಸೇತುವೆಯಾದವರು ಈ ಹಾಸ್ಯನಟರೇ.

ಮೂರನೆಯದು ಮಾರುಕಟ್ಟೆ. ಅಂದು ಯಲಹಂಕ, ಹೆಬ್ಬಾಳ, ಯಶವಂತಪುರಗಳು ಬೆಂಗಳೂರಿನ ಅಂಚಿನ ಊರುಗಳು. ಕೆರೆ, ತೋಟ, ಹೊಲಗಳ ನಡುವಣ ಬದುಕು. ಇಂತಹ ಊರುಗಳಿಂದ ಗಾಡಿ ಕಟ್ಟಿಕೊಂಡೋ ಬಸ್ಸು ಹಿಡಿದೋ ಸಂಸಾರ ಸಮೇತ ಸಿನಿಮಾಕ್ಕೆ ಬರುವವರಿಂದಲೇ ಕನ್ನಡ ಚಿತ್ರ ಹಾಕಿದ ಹಣವನ್ನು ಹಿಂದಕ್ಕೆ ಪಡೆಯಬೇಕಿತ್ತು. ಇಂಗ್ಲಿಷ್ ಬಾಂಡ್ ಚಿತ್ರವನ್ನು ದಂಡು ಪ್ರದೇಶದ ಚಿತ್ರಮಂದಿರದಲ್ಲಿ ಕಾಲೇಜು ತರುಣರು ನೋಡಿದರೆ ಸಾಕು. ಕನ್ನಡದ ಸಿಐಡಿ 999ನನ್ನು ಮನೆಯ ಹೆಂಗಸರೂ ಮಕ್ಕಳೂ ನೋಡಲೇಬೇಕು, ಇಲ್ಲವಾದರೆ ನಿರ್ಮಾಪಕ ಮುಳುಗಿದಂತೆ. ಪೋಸ್ಟರಿನ ಮೇಲೆ ನರಸಿಂಹರಾಜು ಅವರ ಮುಖವಿದ್ದರೆ ಮನೆಯ ಹಿರಿಯರಿಗೆ ಅದೊಂದು ಭರವಸೆ. ಚಿತ್ರದಲ್ಲಿ ಏನೇ ಇರಲಿ, ನಗುವಿಗೆ ಮೋಸವಿಲ್ಲ ಎಂಬ ನಂಬಿಕೆ.

ಮುಂಚಾಚಿದ ಹಲ್ಲಿನ ಬಂಡವಾಳ

ತೆರೆಯ ಮೇಲೆ ಚೆಲುವಿಗೆ ಬೆಲೆಯಿರುವ ಉದ್ಯಮದಲ್ಲಿ ತಮ್ಮ ಮುಖದ ಕೊರತೆಯನ್ನೇ ಮೂಲಧನ ಮಾಡಿಕೊಂಡವರು ನರಸಿಂಹರಾಜು. ಆದರೆ ಬರೀ ಹಲ್ಲು ತೋರಿಸಿ ನಗಿಸಿದವರೆಂದು ತಿಳಿದರೆ ಅವರಿಗೆ ಅನ್ಯಾಯವಾಗುತ್ತದೆ. ಕುರೂಪವನ್ನು ತೋರಿಸಿ ಹುಟ್ಟಿಸುವ ನಗು ಎರಡು ಚಿತ್ರಗಳಲ್ಲಿ ಸವೆಯುತ್ತದೆ. ಇಪ್ಪತ್ತೈದು ವರ್ಷ ಬಾಳುವುದಿಲ್ಲ. ಅವರಲ್ಲಿ ಬಾಳಿದ್ದು ಮಾತಿನ ಲಯ. ಪ್ರಾಸದ ಮಾತನ್ನು ಓಡಿಸಿ ಥಟ್ಟನೆ ನಿಲ್ಲಿಸುವ ಕೌಶಲ, ಎದುರಿನ ನಟ ಮಾತನಾಡುವಾಗ ಮುಖದಲ್ಲಿ ಮೂಡಿಸುತ್ತಿದ್ದ ಪ್ರತಿಕ್ರಿಯೆ, ಹಾಡಿನಲ್ಲಿ ಮೈಯನ್ನು ತಾಳಕ್ಕೆ ಒಗ್ಗಿಸುವ ಚುರುಕು. ಇವೆಲ್ಲ ಬಾಲ್ಯದಿಂದ ಕಲಿತ ಕಂಪನಿ ವಿದ್ಯೆ.

ಇಂದಿನ ಕಣ್ಣಿನಿಂದ ನೋಡಿದಾಗ ಆ ಕಾಲದ ಹಾಸ್ಯದಲ್ಲಿ ಒಪ್ಪಲಾಗದ ಅಂಶಗಳಿವೆ. ಹೆಂಗಸಿನ ದಪ್ಪ, ಗಂಡಸಿನ ಕುಳ್ಳು, ಉಗ್ಗು, ಮೆಳ್ಳೆಗಣ್ಣುಗಳನ್ನು ನಗೆಗೆ ಬಳಸಿಕೊಂಡ ದೃಶ್ಯಗಳು ಅಂದಿನ ಚಿತ್ರಗಳಲ್ಲಿ ಸಾಮಾನ್ಯವಾಗಿದ್ದವು. ಕಥೆಗೆ ಸಂಬಂಧವೇ ಇಲ್ಲದ ಹಾಸ್ಯದ ಎಳೆಯನ್ನು ನಡುನಡುವೆ ತುರುಕಿದ್ದೂ ಉಂಟು. ಗೂಢಚಾರ ಚಿತ್ರಗಳಲ್ಲಿ ಹೊರಗಿನಿಂದ ತಂದ ಥಳುಕಿನ ಪಾಲೂ ಕಡಿಮೆಯಿರಲಿಲ್ಲ. ಆದರೂ ಇಂತಹ ಇಕ್ಕಟ್ಟಿನೊಳಗೂ ನರಸಿಂಹರಾಜು ತಾವೇ ನಗೆಗೆ ಗುರಿಯಾಗಿ ನಿಂತದ್ದೇ ಹೆಚ್ಚು.

ಹಾಸ್ಯನಟನಿಗೂ ಒಂದು ಚಿತ್ರದ ಕೇಂದ್ರವಾಗುವ ಅರ್ಹತೆಯಿದೆ ಎಂಬ ನಂಬಿಕೆಯಿಂದ 1974ರಲ್ಲಿ ಅವರು ‘ಪ್ರೊಫೆಸರ್ ಹುಚ್ಚೂರಾಯ’ ಚಿತ್ರವನ್ನು ತಾವೇ ನಿರ್ಮಿಸಿ ಮುಖ್ಯಪಾತ್ರ ವಹಿಸಿದರು. ಇಪ್ಪತ್ತು ವರ್ಷ ಇತರರ ಕಥೆಯ ಮಗ್ಗುಲಲ್ಲಿ ನಿಂತಿದ್ದ ನಟ ತನ್ನ ಐವತ್ತೊಂದನೆಯ ವಯಸ್ಸಿನಲ್ಲಿ ಕಥೆಯ ನಡುವೆ ಬಂದು ನಿಂತದ್ದು ಸಣ್ಣ ಧೈರ್ಯವಲ್ಲ. ರಸ್ತೆ ಪರದೆ ಕೊನೆಗೂ ಮೇಲೆದ್ದು, ಹಿಂದಿನ ಸಜ್ಜಿಕೆಯೆಲ್ಲ ಆತನದೇ ಆದ ಗಳಿಗೆ ಅದು.

ತೆರೆ ಬಿದ್ದ ಮೇಲೆ

1979ರ ಜುಲೈ ತಿಂಗಳಲ್ಲಿ, ಐವತ್ತಾರು ವರ್ಷ ತುಂಬುವ ಮುನ್ನವೇ, ನರಸಿಂಹರಾಜು ನಿಧನರಾದರು. ಸಿಐಡಿ 999 ಕೊನೆಯ ಬಾರಿಗೆ, ಈ ಸಲ ವರ್ಣದಲ್ಲಿ, ತೆರೆಯ ಮೇಲೆ ಬಂದುಹೋಗಿ ಆಗಿನ್ನೂ ಒಂದು ವರ್ಷವಾಗಿತ್ತು. ಅಷ್ಟರಲ್ಲಿ ಕನ್ನಡ ಚಿತ್ರರಂಗದ ಚಹರೆಯೂ ಬದಲಾಗಿತ್ತು. ಅರವತ್ತರ ದಶಕದ ಉತ್ತರಾರ್ಧದಲ್ಲಿ ರಾಜ್ಯ ಸರ್ಕಾರ ಚಿತ್ರಗಳಿಗೆ ಸಹಾಯಧನ ನೀಡತೊಡಗಿತ್ತು. 1966ರಲ್ಲಿ ಯಶವಂತಪುರದ ಸಮೀಪ ಸರ್ಕಾರದ ಶ್ರೀ ಕಂಠೀರವ ಸ್ಟುಡಿಯೋ ಸ್ಥಾಪನೆಗೊಂಡಿತ್ತು. ಮದ್ರಾಸಿನ ಬಾಗಿಲಲ್ಲಿ ಕಾಯುವ ಅನಿವಾರ್ಯತೆ ಕ್ರಮೇಣ ತಗ್ಗುತ್ತಿತ್ತು. ನಾಲ್ವರು ಕಲಾವಿದರು ಊರೂರು ಸುತ್ತಿ ನಾಟಕವಾಡಿ ಹಣ ಕೂಡಿಸಿದ ದಿನಗಳಲ್ಲಿ ಕಂಡ ಕನಸು ತವರು ನೆಲದಲ್ಲಿ ಕಟ್ಟಡವಾಗಿ ನಿಲ್ಲತೊಡಗಿತ್ತು.

ಇಂದು ಅದೇ ಕಂಠೀರವ ಸ್ಟುಡಿಯೋ ಆವರಣದಲ್ಲಿ 2006ರಲ್ಲಿ ಅಗಲಿದ ರಾಜ್‌ಕುಮಾರ್ ಅವರ ಸಮಾಧಿಯಿದೆ. 2018ರಲ್ಲಿ ಅಂಬರೀಷ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ಅದೇ ನೆಲದಲ್ಲಿ ಚಿರನಿದ್ರೆಗೆ ಸಂದರು. ಉತ್ತರ ಬೆಂಗಳೂರಿನ ಈ ಮೂಲೆ ನಾಡಿನ ಅಭಿಮಾನಿಗಳಿಗೆ ಯಾತ್ರಾಸ್ಥಳವೇ ಆಗಿದೆ. ನಾಯಕರನ್ನು ನೆನೆಯಲು ನಾಡು ತೋರಿದ ಪ್ರೀತಿ ಸಹಜ, ಅರ್ಹ. ಆದರೆ ನಾಯಕರ ಪಕ್ಕದಲ್ಲಿ ನಿಂತು ಅವರ ಗೆಲುವನ್ನು ಸಾಧ್ಯಗೊಳಿಸಿದವರ ನೆನಪು ಹೆಚ್ಚಾಗಿ ಹಳೆಯ ಚಿತ್ರಗಳಲ್ಲಷ್ಟೇ ಉಳಿದಿರುತ್ತದೆ. ಹಾಗಾಗಿ ಹಾಸ್ಯನಟನ ಸ್ಮಾರಕವೆಂದರೆ ಆತನ ಚಿತ್ರಗಳ ಪ್ರತಿಗಳೇ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿಯಲಿಲ್ಲ. ಐವತ್ತು ಅರವತ್ತರ ದಶಕದ ಚಿತ್ರಗಳನ್ನು ಜೋಪಾನ ಮಾಡದಿದ್ದರೆ ನರಸಿಂಹರಾಜು ಅವರಂಥವರ ದುಡಿಮೆಯೂ ಅದೇ ದಾರಿ ಹಿಡಿಯುವ ಅಪಾಯವಿದೆ. ನಾಯಕನ ಹೆಸರಿನಿಂದ ಕೆಲವು ಚಿತ್ರಗಳಾದರೂ ಉಳಿದಾವು. ಹಾಸ್ಯಗಾರನೇ ಆಧಾರವಾಗಿದ್ದ ಸಣ್ಣ ಚಿತ್ರಗಳನ್ನು ಉಳಿಸುವವರು ಯಾರು?

2023ರ ಜುಲೈಗೆ ಅವರು ಹುಟ್ಟಿ ನೂರು ವರ್ಷ ತುಂಬಿತು. ಆ ಹೊತ್ತಿಗೆ ತಿಪಟೂರಿನಿಂದ ಯಶವಂತಪುರದವರೆಗಿನ ದಾರಿಯೂ ಗುರುತು ಸಿಗದಷ್ಟು ಬದಲಾಗಿತ್ತು. ಹೆಬ್ಬಾಳ ಯಲಹಂಕಗಳು ನಗರದೊಳಗೆ ಸೇರಿಹೋಗಿದ್ದವು. ಆದರೂ ‘ಜೇಡರ ಬಲೆ’ಯನ್ನು ಇಂದು ಮನೆಯಲ್ಲಿ ಹಾಕಿ ಕುಳಿತರೆ, ಅಂದಿನ ಯಂತ್ರಗಳೂ ಶತ್ರುವಿನ ಅಡಗುದಾಣವೂ ಮಕ್ಕಳಿಗೆ ಆಟಿಕೆಗಳಂತೆ ಕಾಣಬಹುದು, ಸಾಹಸದ ಬಿರುಸು ಮಾಸಿರಬಹುದು. ನರಸಿಂಹರಾಜು ತೆರೆಗೆ ಬಂದಾಗ ಹುಟ್ಟುವ ನಗು ಮಾತ್ರ ಹಳತಾಗಿಲ್ಲ. ದುಬಾರಿ ಸಜ್ಜಿಕೆಯನ್ನು ಕಾಲ ಸವೆಸುತ್ತದೆ. ಸಜ್ಜಿಕೆಯೇ ಇಲ್ಲದೆ ಬರಿಯ ಪರದೆಯ ಮುಂದೆ ನಿಂತು ಗಳಿಸಿದ್ದನ್ನು ಅಷ್ಟು ಸುಲಭವಾಗಿ ಸವೆಸಲಾರದು.